ಹನ್ನೆರಡು ತಲೆಗಳ ಬ್ಯಾನರ್

ಆಳಂದದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ನಮ್ಮ ಕಡೆ ಹುಟ್ಟುಹಬ್ಬಕ್ಕೆ ಬಸ್‌ಸ್ಟ್ಯಾಂಡಿನೆದುರು ಬ್ಯಾನರ್ ಏರದಿದ್ದರೆ ಆ ಮನುಷ್ಯ ಹುಟ್ಟಿದ್ದೇ ಸುಳ್ಳು. ನಡುವೆ ಹುಟ್ಟಿದವನ ದೊಡ್ಡ ಫೋಟೋ, ನೆತ್ತಿಯ ಮೇಲೆ ಒಬ್ಬ ನಾಯಕ, ಕೆಳಗೆ ‘ಶುಭ ಕೋರುವವರು’ ಎಂದು ಸಾಲಾಗಿ ಗೆಳೆಯರ ಪುಟ್ಟ ಪುಟ್ಟ ತಲೆಗಳು. ಆ ತಲೆಗಳಿಗಾಗಿ ನಡೆಯುವ ಜಗಳ ಹೇಳತೀರದು. “ಅವನ ತಲಿಕಿಂತ ನನ್ನ ತಲಿ ಸಣ್ಣದು ಮಾಡೀರಲ್ರಿ” ಎಂದು ನನ್ನ ಮೇಲೆ ಏರಿ ಬಂದವರಿದ್ದಾರೆ. ತಲೆ ಹಾಕಿಸಿಕೊಳ್ಳಲು ಬರುವವರನ್ನು ಇಪ್ಪತ್ತು ವರ್ಷ ನೋಡಿದ್ದೆ. ತೆಗೆಸಿಕೊಳ್ಳಲು ಬಂದವರನ್ನು ಕಂಡದ್ದು ಈ ವರ್ಷವೇ ಮೊದಲು.

ಆ ಬ್ಯಾನರ್ ನನ್ನ ತಂಗಿಯ ಗಂಡನದು. ಪಕ್ಕದ ಮಟಕಿ ಊರಿನವನು, ಆರು ವರ್ಷದಿಂದ ಕೊಲ್ಲಿಯ ಒಂದು ದೇಶದಲ್ಲಿ ಕಟ್ಟಡದ ಕೆಲಸ. ತಂಗಿ ಜೇವರ್ಗಿಯಲ್ಲಿ ಶಾಲೆಯ ಟೀಚರು. ಜೋಳದ ರೊಟ್ಟಿ ಬಡಿಯುವುದನ್ನು ಅವಳು ಗಂಡನಿಗೆ ವಿಡಿಯೋ ಕಾಲ್‌ನಲ್ಲೇ ಕಲಿಸಿದಳು. ಮೊದಮೊದಲು ಅವನ ರೊಟ್ಟಿ ಅರಬಸ್ತಾನದ ನಕಾಶೆಯಂತೆ ಆಗುತ್ತಿತ್ತು. ಕೈ ಪಳಗಿದ ಮೇಲೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ರೊಟ್ಟಿ ಬಡಿಯುತ್ತಾ ಮಾತಾಡತೊಡಗಿದ. ಮುಖ ಇಲ್ಲ, ಹೆಸರಿಲ್ಲ. ಎರಡು ಕೈ ಮತ್ತು ಒಂದು ದನಿ, ಅಷ್ಟೇ. ಆ ವಿಡಿಯೋಗಳನ್ನು ಹಾಕಲು ನೆಟ್ಟಿನಲ್ಲಿ ಒಂದು ಪೇಜು ಮಾಡಿದ.

ಏನು ಮಾತಾಡುತ್ತಿದ್ದ? ಸುಡುವ ಮಧ್ಯಾಹ್ನ ಕೆಲಸ ಮಾಡಿಸಬಾರದೆಂದು ಅಲ್ಲಿಯ ದೊರೆಗಳೇ ಕಾನೂನು ಮಾಡಿ, ಅದೇ ಮಧ್ಯಾಹ್ನ ತಮ್ಮ ಅರಮನೆಯ ಗೋಡೆ ಕಟ್ಟಿಸುತ್ತಾರೆ ಎಂದ. ಪಾಸ್‌ಪೋರ್ಟು ಕಂಪನಿಯ ಬೀರುವಿನಲ್ಲಿದೆ, ಬೀಗದ ಕೈ ದೊರೆಯ ತಮ್ಮನ ಹತ್ತಿರ ಇದೆ ಎಂದ. ನಮ್ಮವರನ್ನೂ ಬಿಡಲಿಲ್ಲ. “ವೋಟ್ ಕೇಳಾಕ ನಮ್ಮ ಮನಿತನಕ ಬರ್ತೀರಿ, ನಮ್ಮ ಹೆಣದ ಪೆಟಗಿ ಬಂದಾಗ ವಿಮಾನದ ತನಕ ಯಾಕ ಬರಂಗಿಲ್ರಿ?” ಎಂದು ಕೇಳಿದ. ಅರ್ಧ ಕನ್ನಡ, ಅರ್ಧ ದಖನಿ ಉರ್ದು, ನಡುನಡುವೆ ರೊಟ್ಟಿಯ ಟಪ ಟಪ. ಖಜೂರಿಯ ಲಾರಿ ಡ್ರೈವರುಗಳೂ ಅಫಜಲಪುರದ ಅಂಗಡಿಯವರೂ ಅದನ್ನು ಹಂಚಿಕೊಂಡು ನಗುತ್ತಿದ್ದರು. ಅವನ ಮಾತಿನಲ್ಲಿ ಒಂದು ಸುಳ್ಳನ್ನು ತೋರಿಸಿದವರನ್ನು ನಾನು ಇದುವರೆಗೂ ಕಂಡಿಲ್ಲ.

ಅವನ ಹುಟ್ಟುಹಬ್ಬಕ್ಕೆ ಗೆಳೆಯರು ಬ್ಯಾನರ್ ಮಾಡಿಸಲು ಬಂದರು. ತಂಗಿಯಿಂದ ಅವನ ಫೋಟೋ ತರಿಸಿಕೊಂಡಿದ್ದರು. ಹೆಸರು, ಶುಭಾಶಯ, ತಮ್ಮ ಹನ್ನೊಂದು ತಲೆ, ಮೇಲೊಬ್ಬ ನಾಯಕರ ತಲೆ: ಅವರು ಕೇಳಿದ್ದು ಇಷ್ಟೇ. ನನಗೆ ಸಾಲಲಿಲ್ಲ. ನಮ್ಮ ಮನೆಯ ಅಳಿಯ, ಹುಲಿಯಂಥವನು, ಬರೀ ಹುಟ್ಟುಹಬ್ಬವೇ? ‘ದುಡಿಯುವವರ ದನಿ’ ಎಂದು ಸೇರಿಸಿ, ಅದರ ಕೆಳಗೆ ಅವನ ಪೇಜಿನ ಹೆಸರನ್ನು ಹಳದಿ ಅಕ್ಷರದಲ್ಲಿ ದೊಡ್ಡದಾಗಿ ಬರೆದೆ. ಅವನು ಮೂರು ವರ್ಷ ಜೋಪಾನವಾಗಿ ಮುಚ್ಚಿಟ್ಟ ಮುಖವನ್ನೂ ಹೆಸರನ್ನೂ ಪೇಜನ್ನೂ ನಾನು ಹತ್ತು ನಿಮಿಷದಲ್ಲಿ ಒಂದೇ ಬಟ್ಟೆಯ ಮೇಲೆ ತಂದೆ. ಆಗ ನನಗೆ ಹೆಮ್ಮೆಯಾಗಿತ್ತು.

ಬ್ಯಾನರ್ ಮೂರು ದಿನ ನಿಂತಿತ್ತು. ಜನ ಅದರ ಮುಂದೆ ಸೆಲ್ಫಿ ತೆಗೆದು ಹಂಚಿದರು, ಪೇಜಿನ ಕೆಳಗೂ ತಂದು ಅಂಟಿಸಿದರು. ಅದಾದ ವಾರದೊಳಗೆ ಅವನ ಫೋನ್ ಬಂದ್ ಆಯಿತು. ಮತ್ತೆ ಹನ್ನೆರಡು ದಿನಕ್ಕೆ ತಂಗಿಗೆ ಜೈಲಿನಿಂದ ಒಂದು ಕರೆ ಬಂತು, ನಾಲ್ಕು ನಿಮಿಷದ್ದು. ಅವನು ಹೇಳಿದ್ದನ್ನು ಅವಳು ನನಗೆ ಫೋನಿನಲ್ಲಿ ಹೇಳಿದಳು: “ಅಲ್ಲಿ ಸಾಹೇಬ ಟೇಬಲ್ ಮ್ಯಾಲೆ ಆಳಂದ ಬಸ್‌ಸ್ಟ್ಯಾಂಡಿನ ಫೋಟೋ ಇಟ್ನಂತ ಅಣ್ಣಾ. ತಮ್ಮ ಬ್ಯಾನರ್ ಅವರು ಮೊದಲ್ನೇ ಸಲ ನೋಡಿದ್ದು ಪೊಲೀಸರ ಕೈಯಾಗಂತ.” ಆಮೇಲೆ ಕೇಳಿದಳು: “ಪೇಜಿನ ಹೆಸರು ಹ್ಯಾಂಗ ಬಂತೋ ಅದರಾಗ?”

“ಹುಡುಗರು ಕೊಟ್ಟಂಗ ಹಾಕೀನಿ,” ಎಂದೆ. ನಾಲಿಗೆ ತೊದಲಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಮೊದಲು ನಾಯಕರ ಕಡೆಯವನ ಫೋನು: “ಸಾಹೇಬ್ರ ಫೋಟೋ ಆ ಫೈಲಿನಾಗ ಇರಬಾರದ್ರಿ.” ಆಮೇಲೆ ಅಫಜಲಪುರದ ಕಾಂಟ್ರಾಕ್ಟರು, ಮುಂದಿನ ಸಾಲಿನಲ್ಲೇ ತಲೆ ಬೇಕೆಂದು ಹಟ ಹಿಡಿದಿದ್ದವನು, ಅಂಗಡಿಯ ಶಟರ್ ಅರ್ಧ ಎಳೆಸಿ ಪಿಸುಗುಟ್ಟಿದ: “ನಂದೂ ತಗೀರಿ. ನಮ್ಮ ತಮ್ಮನೂ ಅದೇ ದೇಶದಾಗ ಅದಾನ.” ಬ್ಯಾನರ್ ಎಂದೋ ಇಳಿದಿತ್ತು, ಯಾರದೋ ಕಣದಲ್ಲಿ ತೊಗರಿ ರಾಶಿಗೆ ಹೊದಿಕೆಯಾಗಿತ್ತು. ಆದರೂ ಆ ಹನ್ನೊಂದು ಜನ ನನ್ನ ಕಂಪ್ಯೂಟರಿನ ಮುಂದೆ ನಿಂತು ತಮ್ಮ ತಲೆ ಅಳಿಸಿಹೋಗುವುದನ್ನು ಕಣ್ಣಾರೆ ನೋಡಿ ಹೋದರು. ಥೂ! ಅವನ ವಿಡಿಯೋ ನೋಡಿ ಚಪ್ಪಾಳೆ ತಟ್ಟಿದ ಕೈಗಳು ಇವೇ.

ಕಚೇರಿಗಳಲ್ಲೂ ಇದೇ ಹಾಡು. ತಂಗಿ ಅರ್ಜಿ ಹಿಡಿದು ನಿಂತರೆ ಒಬ್ಬ ಅಧಿಕಾರಿ ಕಡತದಿಂದ ಮುಖ ಎತ್ತದೆ, “ದುಡ್ಯಾಕ ಹೋದಾಂವ ದುಡಿಬೇಕವ್ವಾ, ಮಾತು ಯಾಕ ಬೇಕಿತ್ತು?” ಎಂದ. ನನಗೆ ಮೈಯೆಲ್ಲ ಉರಿಯಿತು. ದುಡಿಯಲು ಹೋದವನು ಬಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕೇ? ರೊಟ್ಟಿ ಬಡಿಯುತ್ತಾ ಆಡಿದ ಮಾತಿಗೆ ಹೆದರುವ ದೊರೆ ಎಂಥ ದೊರೆ? ಅವನನ್ನು ಕೋರ್ಟಿಗೆ ಯಾವಾಗ ಕರೆದೊಯ್ಯುತ್ತಾರೆ, ಯಾವ ಕಾಯಿದೆ ಹಾಕಿದ್ದಾರೆ, ಒಂದೂ ಗೊತ್ತಿಲ್ಲ. ಅಲ್ಲಿಯ ವಕೀಲ “ಸುಮ್ಮನಿರಿ, ಗದ್ದಲ ಮಾಡಬೇಡಿ” ಎಂದ. ಸುಮ್ಮನಿದ್ದೆವು. ಸುಮ್ಮನಿರುವುದು ನನಗೂ ಬೇಕಾಗಿತ್ತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅವನು ಜೈಲು ಸೇರಿದ ಐದನೆಯ ತಿಂಗಳಲ್ಲಿ ಒಂದು ಭಾನುವಾರ ಜೇವರ್ಗಿಗೆ ಹೋದೆ. ತಂಗಿ ರೊಟ್ಟಿ ಬಡಿಯುತ್ತಿದ್ದಳು. ಸೊರಗಿ ಅರ್ಧ ಆಗಿದ್ದಳು. ತಾನಾಗಿಯೇ ಮಾತು ತೆಗೆದಳು: “ಅಣ್ಣಾ, ಹುಡುಗರಿಗೆ ಫೋಟೋ ಕಳಿಸೋ ಮುಂದ ಪೇಜಿನ ಲಿಂಕ್ ಸುದ್ದಾ ನಾನ ಕಳಿಸೀನಿ. ಇದರಾಗ ನೋಡ್ರಿ, ಎಷ್ಟ್ ಚಂದ ಮಾತಾಡ್ಯಾರ ಅಂತ ಬರದೀನಿ. ಅದನ್ನ ನೋಡೇ ಅವರು ನಿನಗ ಹೆಸರು ಕೊಟ್ಟಾರ. ನನ್ನ ಗಂಡಗ ನಾನ ಜೈಲು ತೋರಿಸೀನಿ. ಯಾರ ಮುಂದೂ ಹೇಳಿಲ್ಲ.”

ಐದು ತಿಂಗಳಿಂದ ಅವಳು ಹೊತ್ತು ತಿರುಗುತ್ತಿದ್ದುದು ನನ್ನ ಪಾಪವನ್ನು. “ಅವರು ಕೊಟ್ಟಿಲ್ಲ,” ಎಂದೆ. “ನಾನ ಹಾಕೀನಿ. ಯಾರೂ ಕೇಳಿದ್ದಿಲ್ಲ.”

ರೊಟ್ಟಿಯ ಸಪ್ಪಳ ನಿಂತಿತು. ಹಿಟ್ಟು ಮೆತ್ತಿದ ಕೈ ಮಣೆಯ ಮೇಲೆಯೇ ಇತ್ತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡಿದರೂ ಅವಳು ಅದನ್ನು ತಿರುವಲಿಲ್ಲ.

“ಐದು ತಿಂಗಳು ನಾ ಸತ್ತು ಸತ್ತು ಬದುಕೀನಿ,” ಎಂದಳು. “ನೀ ಬಂದು ಬಂದು ನನ್ನ ಮುಂದ ಕುಂತು ಚಾ ಕುಡದು ಹೋಗೀದಿ. ಅವರಂತೂ ಬರೇ ತಲಿ ತಗಸ್ಯಾರ. ನೀ ಏನ್ ಮಾಡಿದ್ಯೋ ಅಣ್ಣಾ?” ಅವಳು ಊಟಕ್ಕೆ ಏಳು ಅನ್ನಲಿಲ್ಲ, ನಾನೂ ಕೂರಲಿಲ್ಲ.

ಮುಂದಿನ ಭಾನುವಾರ ಅವಳೇ ಆಳಂದಕ್ಕೆ ಬಂದಳು. ಅಂಗಡಿಯಲ್ಲಿ ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತು, “ಬ್ಯಾನರ್ ಮಾಡು. ನನ್ನ ಗಂಡನ್ನ ಬಿಡ್ರಿ ಅಂತ ಬರಿ,” ಎಂದಳು. ವಕೀಲ ಬೇಡ ಅಂದಿದ್ದಾನಲ್ಲ ಎಂದೆ. “ಸುಮ್ಮ ಕುಂತು ಏನ್ ಬಂತು?” ಎಂದಳು. ನಾನು ಮೆಲ್ಲಗೆ ರೊಟ್ಟಿ ಬಡಿಯುವ ಎರಡು ಕೈಗಳ ಚಿತ್ರ ಹಾಕಿದೆ. ಅವಳು ತಲೆಯಲ್ಲಾಡಿಸಿದಳು. “ಮುಖ ಹಾಕು. ಇನ್ನ ಮುಚ್ಚೋದು ಏನದ?”

ಮುಖ ಹಾಕಿದೆ. ಕೆಳಗಿನ ಸಾಲು ಖಾಲಿ ಇತ್ತು. ಯಾರ್ಯಾರ ತಲೆ ಹಾಕಲಿ ಎಂದು ಕೇಳಿದೆ.

“ನಂದು ಹಾಕು. ನಿಂದೂ ಹಾಕು. ನಿನ್ನ ತಲಿ ಕೆಳಗ ಬರಿ, ಅವತ್ತ ಪೇಜಿನ ಹೆಸರು ಹಾಕಿದಾಂವ ಇಂವನ ಅಂತ.”

ಬರೆದೆ. ಅವಳು ಪರದೆಯ ಹತ್ತಿರ ಬಾಗಿ ನೋಡಿ, ಅಕ್ಷರ ಸಣ್ಣದಾಯಿತು ಎಂದಳು. ದೊಡ್ಡದು ಮಾಡಿದೆ.