ಹಿಮದ ಪಾಂಡುವಿನ ತಾರಸಿ

ಪಾಂಡುವಿನ ಬಗ್ಗೆ ಕಿರಿಮಂಜೇಶ್ವರದಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. ಕೆಟ್ಟ ಕೆಲಸಗಾರ, ಅವನು ಹಾಕಿದ ತಾರಸಿ ಏಳು ವರ್ಷಕ್ಕೆ ಉದುರಿತು, ಒಂದು ಹೆಣ್ಣುಮಗುವಿನ ಕಾಲು ಹೋಯಿತು. ಆ ತಾರಸಿ ನನ್ನ ಮನೆಯದು. ಆ ಮಗು ನನ್ನ ಮೊಮ್ಮಗಳು. ಹಾಗಾಗಿ ಅವನಿಗೆ ಶಾಪ ಹಾಕುವ ಹಕ್ಕು ಮೊದಲು ನನಗೇ ಎಂದು ನೀವು ತಿಳಿಯುತ್ತೀರಿ. ಪೂರ್ತಿ ಕೇಳಿ, ಆಮೇಲೆ ಮಾತಾಡಿ.

ನನ್ನ ಹೆಸರು ಕುಸುಮಾವತಿ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಮನೆತನ ನಮ್ಮದು, ಆದರೆ ಯಜಮಾನಿಕೆ ನನ್ನ ತಮ್ಮ ಭೋಜನದು. ಅವನಿಗೂ ನನಗೂ ಎಣ್ಣೆ ಸೀಗೆಕಾಯಿ. ೧೯೬೪ರಲ್ಲಿ ಪಾಲಾಯಿತು. ನನಗೆ ಗದ್ದೆ ಬಂತು, ಮನೆ ಬರಲಿಲ್ಲ. ಹತ್ತನಾವಧಿಯ ಒಳಗೆ ನಾನು ಮನೆ ಬಿಡಬೇಕೆಂದು ಊರಿನ ಹತ್ತು ಜನ ಕೂತು ತೀರ್ಮಾನಿಸಿದರು. ಮೇ ತಿಂಗಳ ಆ ದಿನ ಕಳೆದರೆ ನಮ್ಮಲ್ಲಿ ಮಳೆಗಾಲ ಬಂದ ಹಾಗೆಯೇ ಲೆಕ್ಕ.

"ಬೇಕಾರೆ ಇನ್ನೊಂದ್ ನಾಲ್ಕ್ ತಿಂಗ್ಳ್ ಇರ್, ಅಕ್ಕ" ಎಂದ ಭೋಜ, ಆ ಹತ್ತು ಜನರ ಎದುರು, ಕಾಲ ಮೇಲೆ ಕಾಲು ಹಾಕಿಕೊಂಡು. ನನ್ನ ಮೈಯೆಲ್ಲ ಉರಿದುಹೋಯಿತು.

"ಒಂದ್ ದಿನವೂ ಬೇಡ" ಎಂದೆ.

ಮಗಳು ಪ್ರಭಾವತಿ ಚೊಚ್ಚಲ ಬಸುರಿ. ಬಾಣಂತನ ನನ್ನ ಸ್ವಂತ ಸೂರಿನಡಿಯಲ್ಲೇ ಆಗಬೇಕು, ಅದೂ ತಾರಸಿಯ ಸೂರು, ಭೋಜನ ಹೆಂಚಿನ ಮಾಡಿಗಿಂತ ಒಂದು ಕೈ ಮೇಲೆ. ಇದೇ ನನ್ನ ಹಟ. ಗಂಡ ತೀರಿಕೊಂಡಿದ್ದರು, ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಇದ್ದರೂ ನಾನು ಕೇಳುವವಳೇ?

ಕೆಂಪುಕಲ್ಲಿನ ಗೋಡೆ ಏಳುವಾಗ ಏಪ್ರಿಲ್ ಮುಗಿಯುತ್ತ ಬಂದಿತ್ತು. ಕಾಂಕ್ರೀಟ್ ಗೊತ್ತಿದ್ದವರು ಆಗ ಬೆರಳೆಣಿಕೆಯ ಜನ. ಬ್ರಹ್ಮಾವರದ ರತ್ನಾಕರ ಮೇಸ್ತ್ರಿಯನ್ನು ಕರೆಸಿದೆ. ಬಸ್ಸಿಳಿದು ಬಂದವನು ಗೋಡೆ ನೋಡಿದ, ಆಕಾಶ ನೋಡಿದ.

"ಸ್ಲ್ಯಾಬ್ ಹಾಕ್ರೆ ಇಪ್ಪತ್ತೊಂದ್ ದಿನ ಅಡಿ ಹಲಗೆ ಮುಟ್ಟುಕಾಗ. ನಿಮ್ಗ್ ಅಷ್ಟ್ ಪುರ್ಸೊತ್ತಿಲ್ಲೆ. ದೀಪಾವಳಿ ಕಳ್ದ್ ಕಾಂಬ" ಎಂದ.

ಅವನಿಗೆ ಒಂದು ಲೋಟ ಕಾಫಿಯನ್ನೂ ಕೊಡದೆ ಕಳಿಸಿದೆ.

ಆಗ ನೆನಪಾದವನು ಪಾಂಡು. ನಮ್ಮ ಗದ್ದೆಯಾಚೆ ಅವನ ಗುಡಿಸಲು. ಇಪ್ಪತ್ತರ ಹರೆಯದಲ್ಲಿ ಮಿಲಿಟರಿ ರಸ್ತೆಯ ಕೂಲಿ ಕೆಲಸಕ್ಕೆಂದು ಲಡಾಖಿಗೆ ಹೋಗಿ, ಮೂರು ವರ್ಷ ಕಳೆದು, ಎಡಗಾಲಿನ ಎರಡು ಬೆರಳನ್ನು ಅಲ್ಲೇ ಬಿಟ್ಟು ಬಂದಿದ್ದ. ಹಿಮ ತಿಂದದ್ದಂತೆ. ಊರವರು ಅವನಿಗೆ ಹಿಮದ ಪಾಂಡು ಎಂದೇ ಹೆಸರಿಟ್ಟರು. ಮೀನಿಗೆ ಹಾಕುವ ಐಸು ಬಿಟ್ಟರೆ ಬೇರೆ ಹಿಮ ಕಂಡವರು ಇಲ್ಲಿ ಯಾರಿದ್ದರು! ಅವನು ಹೇಳುವುದನ್ನು ಕೇಳಲು ಅಂಗಡಿ ಜಗಲಿಯಲ್ಲಿ ಜನ ಸೇರುತ್ತಿತ್ತು. ಅಲ್ಲಿ ಕಾಂಕ್ರೀಟ್ ಕಲಸುವ ನೀರಿನ ಡ್ರಮ್ಮಿನಡಿ ಬೆಂಕಿ ಹಾಕಬೇಕಿತ್ತು. ಹಾಕಿದ ಕಾಂಕ್ರೀಟಿಗೆ ಹುಲ್ಲು ಮುಚ್ಚಿ ಮೇಲೆ ಕಂಬಳಿ ಹೊದಿಸುತ್ತಿದ್ದರು.

"ಮನ್ಷರಿಗಿಲ್ದಿದ್ ಕಂಬ್ಳಿ ಅದಕ್ಕೆ! ನಾವ್ ನಡ್ಗ್ತಾ ಕೂಕಂಬುದ್" ಎಂದು ನಗುತ್ತಿದ್ದ. ಏಪ್ರಿಲ್ ಸೆಕೆಯಲ್ಲೂ ಬಿಸಿನೀರನ್ನೇ ಕುಡಿಯುತ್ತಿದ್ದ. ಕೆಲಸದಲ್ಲಿ ಮಾತ್ರ ಬಹಳ ಚೊಕ್ಕ. ಮರಳನ್ನು ಅಂಗೈಯಲ್ಲಿ ತಿಕ್ಕಿ, ಕೈಗೆ ಮಣ್ಣು ಹತ್ತಿದರೆ ಇಡೀ ಗಾಡಿಯನ್ನೇ ವಾಪಸ್ ಕಳಿಸುವ ಜಾತಿ.

ನನ್ನ ಮನೆ ಅವನ ಮೊದಲ ಸ್ವಂತ ಗುತ್ತಿಗೆ. ಬಂದು ಅಳತೆ ಹಿಡಿದು ಅವನೂ ಇಪ್ಪತ್ತೊಂದು ದಿನ ಎಂದೇ ಹೇಳಿದ. ನನಗೆ ರೇಗಿತು.

"ಆ ಹಿಮದ್ ಊರಲ್ಲ್ ಬೇಗ ಗಟ್ಟಿ ಆಪ್ಕೆ ಉಪ್ಪ್ ಹಾಕ್ತಿದ್ದಿ ಅಂದೇಳಿ ನೀನೇ ಹೇಳಿದ್ಯಲ್ಲ? ಇಲ್ಲೂ ಹಾಕ್."

"ಅದ್ ಅಲ್ಲಿನ್ ಲೆಕ್ಕ ಅಮ್ಮ. ನೀರ್ ಹೆಪ್ಪಾತ್ತ್ ಅಂದೇಳಿ ಹಾಕುದ್. ಅದೂ ಬರೀ ಅಡಿಪಾಯಕ್ಕೆ. ಕಬ್ಣ ಇಪ್ಪಲ್ಲ್ ಹಾಕಿದ್ದ್ ನಾ ಕಾಣ್ಲಿಲ್ಲ."

"ನಿಂಗ್ ಕೆಲ್ಸ ಬೇಕಾ ಬೇಡ್ದಾ? ಹತ್ತ್ ದಿನದೊಳ್ಗೆ ಹಲಗೆ ತೆಗಿಕ್. ಆತಿಲ್ಲೆ ಅಂದ್ರೆ ಈಗ್ಲೇ ಹೇಳ್."

ಅವನು ಎರಡು ಬೆರಳಿಲ್ಲದ ಪಾದದಿಂದ ನೆಲ ಕೆರೆದ. ಅವನಿಗೆ ಕೆಲಸ ಬೇಕಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಆಯ್ತ್ ಅಮ್ಮ" ಎಂದ.

ಉಪ್ಪು ತರಿಸಿದ್ದೂ ನಾನೇ. ಕಡಲ ದಂಡೆಯಲ್ಲಿ ಮೀನು ಒಣಗಿಸುವ ಜಲಜಳ ಹತ್ತಿರ ಎರಡು ಮೂಟೆ. ಅವಳು ಎಂತಕ್ಕೆ ಎಂದು ಕೇಳಿದಳು. ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಅಮ್ಮ, ಉಪ್ಪ್ ಕಬ್ಣ ತಿಂತ್ತ್. ನಮ್ ದೋಣಿ ಮೊಳಿ ಕಾಣಿ ಬೇಕಾರೆ."

"ನಿನ್ ದೋಣಿ ಸುದ್ದಿ ನಂಗ್ಯಾಕೆ? ನೀನ್ ಮೀನ್ ಒಣ್ಸ್" ಎಂದೆ. ಕಡಲ ಬದಿಯ ಹೆಂಗಸು ನನಗೆ ಮನೆ ಕಟ್ಟುವುದನ್ನು ಕಲಿಸುವುದೇ ಎಂಬ ಕೊಬ್ಬು ನನಗೆ.

ಸ್ಲ್ಯಾಬ್ ಹಾಕಿದ ದಿನ ಮೂವತ್ತು ಆಳು. ಹೆಂಗಸರು ಸಾಲಾಗಿ ನಿಂತು ಬುಟ್ಟಿಯಿಂದ ಬುಟ್ಟಿಗೆ ದಾಟಿಸಿದರು. ಪಾಂಡು ಉಪ್ಪನ್ನು ನೀರಿನಲ್ಲಿ ಕದಡುವಾಗ ಎರಡು ಸಲ ನನ್ನ ಕಡೆ ತಿರುಗಿ ನೋಡಿದ. ನಾನು ಹೂಂ ಎಂದೆ. ಹತ್ತನೇ ದಿನ ಹಲಗೆ ತೆಗೆದರು, ಒಂದು ಬಿರುಕೂ ಬಿಟ್ಟಿರಲಿಲ್ಲ. ಹತ್ತನಾವಧಿಯ ಮುನ್ನಾದಿನ ಹಾಲುಕ್ಕಿಸಿದೆ. ಊಟಕ್ಕೆ ಬಂದ ಭೋಜ ಕತ್ತೆತ್ತಿ ನೋಡಿಯೇ ನೋಡಿದ. ಅಂದು ನನಗಾದ ಖುಷಿ ಮಗಳ ಮದುವೆಯ ದಿನವೂ ಆಗಿರಲಿಲ್ಲ. ಆಷಾಢದಲ್ಲಿ ಗಿರಿಜಾ ಹುಟ್ಟಿದಳು.

ನನ್ನ ತಾರಸಿ ನೋಡಿ ಪಾಂಡುವಿಗೆ ಬೈಂದೂರಿನವರೆಗೂ ಕೆಲಸ ಸಿಕ್ಕಿತು. ಉಳಿದ ಯಾವ ಕೆಲಸಕ್ಕೂ ಅವನು ಉಪ್ಪು ಮುಟ್ಟಲಿಲ್ಲ, ಎಷ್ಟೇ ಅವಸರ ಮಾಡಿದರೂ ಇಪ್ಪತ್ತೊಂದು ದಿನ ಎಂದರೆ ಇಪ್ಪತ್ತೊಂದೇ ದಿನ. ನಮ್ಮ ಮನೆಯ ದಾರಿಯಲ್ಲಿ ಹೋದಾಗೆಲ್ಲ ಒಳಗೆ ಬಂದು, ಕುಡಿಯಲು ಬಿಸಿನೀರು ಕೇಳಿ, ತಲೆ ಎತ್ತಿ ಮಾಡನ್ನೇ ನೋಡುತ್ತಿದ್ದ. ಗಿರಿಜಾಳಿಗೆ ಅವನೆಂದರೆ ಪ್ರಾಣ. ಹಿಮದ ಕತೆ ಹೇಳು ಎಂದು ಬೆನ್ನು ಹತ್ತುತ್ತಿದ್ದಳು.

ಏಳನೇ ಮಳೆಗಾಲಕ್ಕೆ ಹಿಂದಿನ ಕೋಣೆಯ ಮಾಡಿನಲ್ಲಿ ಕಂದು ಗೆರೆ ಮೂಡಿತು. ಸರಳು ಎಲ್ಲೆಲ್ಲಿತ್ತೋ ಅಲ್ಲಲ್ಲೇ. ಪಾಂಡು ಬಂದು ಕೋಲಿನಿಂದ ಕುಟ್ಟಿ ನೋಡಿದ. ಟೊಳ್ಳು ಸದ್ದು.

"ಅಮ್ಮ, ಈ ಕೋಣಿ ಬಿಡಿ. ಒಳಗೆ ಕಬ್ಣ ಉಬ್ಬುತಿತ್ತ್. ಒಡ್ದ್ ತೆಗಿಕ್. ನಾನೇ ತೆಗಿತೆ, ಕೂಲಿ ಬೇಡ."

ಒಡೆದರೆ ಭೋಜ ನಗುತ್ತಾನಲ್ಲ! ಊರೆಲ್ಲ ಹೇಳಿಕೊಂಡು ತಿರುಗುತ್ತಾನಲ್ಲ! ಅದೊಂದೇ ನನ್ನ ತಲೆಯಲ್ಲಿ ಇದ್ದದ್ದು. ಬರುವ ವರ್ಷ ಕಾಂಬ ಎಂದು ಅವನನ್ನು ಸಾಗಹಾಕಿ, ಗೆರೆಯ ಮೇಲೆ ಸುಣ್ಣ ಬಳಿಸಿದೆ. ಆ ವರ್ಷವೆಲ್ಲ ಅವನು ಕೇಳುತ್ತಲೇ ಇದ್ದ, ನಾನು ಮುಂದೆ ಹಾಕುತ್ತಲೇ ಇದ್ದೆ.

೧೯೭೧ರ ಶ್ರಾವಣ. ಮಧ್ಯಾಹ್ನ ಊಟ ಮುಗಿಸಿ ಗಿರಿಜಾ ಆ ಕೋಣೆಯಲ್ಲೇ ಮಲಗಿದ್ದಳು. ಶಾಲೆಗೆ ರಜೆ. ನಾನು ಅಡುಗೆಮನೆಯಲ್ಲಿದ್ದೆ. ದಡ್ ಎಂದಿತು, ಆಮೇಲೆ ಸದ್ದಿಲ್ಲ. ಓಡಿಹೋಗಿ ನೋಡಿದರೆ ಮಾಡಿನ ಅಡಿಭಾಗ ಚಾಪೆಯಷ್ಟಗಲ ಕಳಚಿ ಮಗುವಿನ ಬಲಗಾಲ ಮೇಲೆ ಬಿದ್ದಿತ್ತು. ಅಯ್ಯೋ ನನ್ನ ಕರ್ಮವೇ! ಕುಂದಾಪುರದ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು. ಏಳು ವರ್ಷದ ಹೆಣ್ಣು.

ನೋಡಲು ಬಂದವರೆಲ್ಲ ಕೇಳಿದ್ದು ಒಂದೇ, ಯಾರು ಹಾಕಿದ ತಾರಸಿ? ಪಾಂಡು ಎಂದೆ. ಸುಳ್ಳಲ್ಲವಲ್ಲ! ಪ್ರಭಾವತಿ ಎದೆ ಬಡಿದುಕೊಂಡು ಅವನಿಗೆ ಶಾಪ ಹಾಕಿದಳು, ನಾನು ಪಕ್ಕದಲ್ಲಿ ಕೂತು ಕೇಳಿದೆ. ಸಿಮೆಂಟು ಕದ್ದಿರಬೇಕು ಎಂದರು ಯಾರೋ. ಅದಕ್ಕೂ ನಾನು ಅಲ್ಲ ಎನ್ನಲಿಲ್ಲ. ಕಡೆಗೆ ಭೋಜನೇ, "ದೇವ್ರೆದ್ರ್ ನಿಲ್ಸಿ ಪ್ರಮಾಣ ಮಾಡ್ಸ್ವ" ಎಂದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕೋರ್ಟಿಲ್ಲ. ದೇವರ ನಡೆಯಲ್ಲಿ, ಗರ್ಭಗುಡಿಯ ಎದುರು ನಿಂತು ಸುಳ್ಳು ಹೇಳಿದವನ ವಂಶ ನಿಲ್ಲುವುದಿಲ್ಲ ಎಂದು ನಂಬಿದ ಜನ ನಾವು.

ಪಾಂಡು ನಿಜ ಹೇಳಿದರೆ? ಪ್ರಭಾವತಿ ನನ್ನ ಮುಖ ನೋಡುವಳೇ? ಮಗುವನ್ನು ನನ್ನ ಮನೆಯಲ್ಲಿ ಬಿಡುವಳೇ? ದೇವಸ್ಥಾನದ ದಾರಿಯುದ್ದಕ್ಕೂ ಅವನು ಹೇಳದಿರಲಿ ಎಂದು ಅದೇ ದೇವರಿಗೆ ಹರಕೆ ಹೇಳಿಕೊಂಡೆ. ಥೂ, ಎಂಥ ಬಾಳು!

ಪಾಂಡು ಕೆರೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ಬಂದು ನಿಂತ. ಜಲಜಳೂ ಹೊರಗೆ ಜನರ ನಡುವೆ ನಿಂತಿದ್ದಳು.

"ಸಿಮೆಂಟ್ ಕದ್ದಿದ್ಯಾ?" ಭೋಜ ಕೇಳಿದ.

"ಇಲ್ಲೆ. ಉಪ್ಪ್ ಹಾಕ್ದೆ. ಹಾಕುಕಾಗ ಅಂದೇಳಿ ಅನ್ಸಿರೂ ಹಾಕ್ದೆ."

"ಹಾಕುಕೆ ಯಾರ್ ಹೇಳದ್?"

ಪಾಂಡು ನನ್ನ ಕಡೆ ನೋಡಲಿಲ್ಲ. ದೇವರನ್ನು ನೋಡಿದ.

"ಯಾರೂ ಹೇಳ್ಲಿಲ್ಲ. ನಂದೇ ತಲಿ" ಎಂದ.

ನನಗೆ ಉಸಿರು ಬಂತು. ಹೌದು, ಸಮಾಧಾನವಾಯಿತು, ಯಾಕೆ ಮುಚ್ಚಿಡಲಿ? ಜಲಜ ನನ್ನನ್ನೇ ನೋಡುತ್ತ ನಿಂತಿದ್ದವಳು ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಜನ ಚದುರಿದ ಮೇಲೆ ಕೆರೆಯ ಮೆಟ್ಟಿಲಲ್ಲಿ ಅವನನ್ನು ಹಿಡಿದೆ. ಬಟ್ಟೆ ಹಿಂಡುತ್ತಿದ್ದ.

"ದೇವ್ರೆದ್ರ್ ಎಂತಕ್ ಸುಳ್ಳ್ ಹೇಳ್ದೆ? ನಿಂಗೂ ಮಕ್ಳಿದ್ದೊ ಅಲ್ದಾ?"

"ಆ ಹೆಣ್ಣ್ ನಿಮ್ ಮಗ್ಗುಲಂಗೇ ಮಲ್ಕಂಬುದ್ ಅಲ್ದಾ ಅಮ್ಮ?" ಎಂದ. "ಕಾಲ್ ಅಂತೂ ಹೋಯ್ತ್. ಅಜ್ಜಿ ಆದ್ರೂ ಇರ್ಲಿ."

ಆಮೇಲೆ ಅವನಿಗೆ ಈ ಸೀಮೆಯಲ್ಲಿ ಒಂದು ಬಾವಿಕಟ್ಟೆಯ ಕೆಲಸವನ್ನೂ ಯಾರೂ ಕೊಡಲಿಲ್ಲ. ಹಾಲಾಡಿಯಲ್ಲಿ ಲಾರಿಗೆ ಕೆಂಪುಕಲ್ಲು ಹೊರುತ್ತಿದ್ದಾನೆ ಎಂದು ಕೇಳಿದೆ. ಆ ಪಾದದಲ್ಲಿ ಭಾರ ಹೊತ್ತು ಹೇಗೆ ನಡೆಯುತ್ತಾನೋ! ಕರೆಸಬೇಕು ಎಂದು ಎಷ್ಟೋ ಸಲ ಅನ್ನಿಸಿತು. ಕರೆಸಲಿಲ್ಲ.

ದೀಪಾವಳಿ ಕಳೆದು ಬ್ರಹ್ಮಾವರದ ರತ್ನಾಕರ ಮೇಸ್ತ್ರಿಗೆ ಮತ್ತೆ ಹೇಳಿ ಕಳಿಸಿದೆ. ಹಳೆಯದನ್ನೆಲ್ಲ ನೆನಪಿಟ್ಟುಕೊಳ್ಳದೆ ಬಂದ, ಪುಣ್ಯಾತ್ಮ. ಒಡೆಯುತ್ತ ಒಡೆಯುತ್ತ ಒಂದು ಸರಳನ್ನು ಎಳೆದು ಕೈಯಲ್ಲಿ ಹಿಡಿದರೆ ಅದು ಪುಡಿಪುಡಿಯಾಗಿ ಉದುರಿತು.

"ಇದಕ್ಕೆ ಉಪ್ಪ್ ಹಾಕ್ಸದ್ ಯಾರ್ ಮರಾಯ್ರೆ?" ಎಂದು ಕೇಳಿದ.

ಊರುಗೋಲು ಪಕ್ಕದಲ್ಲಿಟ್ಟುಕೊಂಡು ಗಿರಿಜಾ ಅಲ್ಲೇ ಜಗಲಿಯಲ್ಲಿ ಕೂತಿದ್ದಳು. ಅವಳೂ ನನ್ನ ಮುಖ ನೋಡಿದಳು.

"ಪಾಂಡು" ಎಂದೆ.