ಬಸ್ಸಿನ ನೆತ್ತಿಯ ಕಿಂಡಿ

ಅಮೆರಿಕದ ಮಿನ್ನೆಸೋಟದ ನಮ್ಮೂರ ಶಾಲೆ ಹರಾಜು ಹಾಕಿದ ಹಳದಿ ಬಸ್ಸನ್ನು ಪಕ್ಕದ ಮನೆಯ ವರ್ನಾ ಓಡಾಡುವ ಮನೆಯಾಗಿ ಮಾರ್ಪಡಿಸುತ್ತಿದ್ದಳು. ಅಳತೆಯನ್ನು ಕಾಗದದ ಮೇಲಲ್ಲ, ಮೈಮೇಲೆ ತೆಗೆಯಬೇಕೆಂದು ಬಟ್ಟೆ ಹೊಲಿಯುತ್ತಿದ್ದ ಅವಳಮ್ಮ ಕಲಿಸಿದ್ದಳು. ವರ್ನಾ ಹಾಗೇ ಮಾಡಿದಳು, ಆದರೆ ತನ್ನ ಮೈಮೇಲೆ. ಗಂಡ ಲೈಲ್ ಅವಳಿಗಿಂತ ಒಂದು ಮೊಳ ಎತ್ತರ.

"ಸ್ನಾನಕ್ಕೆ ನೆಟ್ಟಗೆ ನಿಲ್ಲೋಕಾಗದ ಮನೇಲಿ ನಾನಿರಲ್ಲ. ನೀನೊಬ್ಳೇ ಹೋಗು," ಎಂದ ಲೈಲ್, ಬಸ್ಸಿನ ಛಾವಣಿಗೆ ಬಡಿದ ತಲೆ ಉಜ್ಜಿಕೊಳ್ಳುತ್ತ.

ಒಬ್ಬಳೇ ಹೋಗುವುದಾದರೆ ಇಷ್ಟೆಲ್ಲ ಮೊಳೆ ಹೊಡೆದದ್ದು ಯಾತಕ್ಕೆ? ಮಂಕಾಗಿ ಕೂತ ವರ್ನಾಗೆ, ಕೊಟ್ಟಿಗೆಗಳಿಗೆ ಮಾಡು ಹೊದಿಸುತ್ತಿದ್ದ ಅಪ್ಪನ ಮಾತು ನೆನಪಾಯಿತು: "ತೂತು ಕಂಡ ತಕ್ಷಣ ಮುಚ್ಚಬೇಡ ಮಗಳೇ. ಏನಕ್ಕಾದ್ರೂ ಬರುತ್ತಾ ಅಂತ ಮೊದ್ಲು ನೋಡು."

ಬಸ್ಸಿನ ಛಾವಣಿಯಲ್ಲಿ ಅಪಾಯದ ಹೊತ್ತಿಗೆ ಮಕ್ಕಳು ಹೊರಬರಲೆಂದು ಇಟ್ಟ ಕಿಂಡಿಯಿತ್ತು. ಸೋರುತ್ತದೆ, ಮುಚ್ಚಿಬಿಡು ಎಂದು ನಾವೆಲ್ಲ ಹೇಳಿದ್ದೆವು. ವರ್ನಾ ಸ್ನಾನದ ಜಾಗವನ್ನು ಅದರ ಕೆಳಗೆ ಸರಿಸಿದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ನಾನು ಅಂಗಳದ ಎಲೆ ಗುಡಿಸುತ್ತಿದ್ದಾಗ, ಬಸ್ಸಿನ ಮೇಲೆ ಸೋಪಿನ ನೊರೆ ಮೆತ್ತಿದ ಲೈಲನ ತಲೆ ಎದ್ದಿತು.

"ಏನಯ್ಯಾ, ನೀರು ಬಿಸಿ ಇದ್ಯಾ?" ಎಂದೆ.

"ಕತ್ತಿನ ಕೆಳಗೆ ಬಿಸಿ, ಮೇಲೆ ಹಿಮ!" ಎಂದು ಕೂಗಿ ಒಳಕ್ಕೆ ಬಗ್ಗಿದ. "ವರ್ನಾ, ನನ್ನ ಉಣ್ಣೆ ಟೋಪಿ ಕೊಡೇ! ನಾವು ಹೊರಡೋವಾಗ ಇನ್ನೊಂದು ಇಟ್ಕೋ, ಇದು ಒದ್ದೆಯಾಗುತ್ತೆ."