ಚುಕ್ಕೆಗಳಲ್ಲಿ ಕಾಣದ ಅಂಕಿ

ಗೆಳೆಯರೇ, ಇವತ್ತು ಪರೀಕ್ಷೆ ಇದ್ದದ್ದು ಮಗಳಿಗೆ, ಫೇಲಾದದ್ದು ನಾನು.

ಬೆಳಿಗ್ಗೆ ಬೋಪಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅವಳು ಜೀವಶಾಸ್ತ್ರದ ಪುಸ್ತಕವನ್ನು ಕೊನೆಯ ಸಲ ತಿರುವುತ್ತಿದ್ದಳು. ಬಣ್ಣಗುರುಡಿನ ಪಾಠದಲ್ಲಿ ಬಣ್ಣದ ಚುಕ್ಕೆಗಳ ಚಿತ್ರವಿತ್ತು.

"ಪಪ್ಪಾ, ಇದ್ರಲ್ಲಿ ಯಾವ ನಂಬರ್?"

"ನಂಬರ್ ಎಲ್ಲುಂಟು? ಬರೀ ಚುಕ್ಕೆ."

"ಮಜಾಕ್ ಮಾಡ್ಬೇಡಿ! ಅಷ್ಟು ದೊಡ್ಡದಾಗಿ ಇದೆ!"

ಕನ್ನಡಕ ಒರೆಸಿಕೊಂಡು ನೋಡಿದೆ. ಏನೂ ಇಲ್ಲ. ಇಷ್ಟು ವರ್ಷ ಈ ಕಣ್ಣುಗಳನ್ನೇ ನಂಬಿದ್ದೆ!

"ಹಾಗಾದ್ರೆ ನಿಮಗೆ ಬಣ್ಣಗುರುಡು! ಆ ಜೀನ್ ನಿಮ್ಮಿಂದ ನಂಗೂ ಬಂದಿರುತ್ತೆ, ನಂಗೆ ನಂಬರ್ ಕಂಡ್ರೂ ನಾನು ಪಕ್ಕಾ ಕ್ಯಾರಿಯರ್! ಈ ಕ್ವೆಶ್ಚನ್ ಇನ್ನು ಮರೆಯಲ್ಲ," ಎಂದು ಮಗಳು ಖುಷಿಯಿಂದ ಹೊರಟಳು.

ಹೆಂಡತಿ ಸೌಟು ಹಿಡಿದು ನಿಂತೇ ಇದ್ದಳು.

"ಅಂದ್ರೆ, ಸೂರತ್‌ನಿಂದ ಹಸಿರು ಸೀರೆ ಅಂತ ಕಂದು ಸೀರೆ ತಂದದ್ದು ಗೊತ್ತಿಲ್ದೆಯಾ?"

ಹಳೆಯ ಜಗಳವೊಂದರಲ್ಲಿ ಇವತ್ತು ಗೆದ್ದೆ. ಆದರೆ ಈಗ ತೊಟ್ಟಿರುವ ಅಂಗಿಯ ಬಣ್ಣ ಯಾವುದೆಂದು ಅವಳನ್ನೇ ಕೇಳಬೇಕಾಯಿತು.